ಹರಾಜು ಅಡಿಕೆಗಿರಲಿ, ಮತಕ್ಕೆ ಬೇಡ



ಹದಿನಾರು ಎಂದೊಡನೆ ನೆನಪಾಗುವುದು ಅರಸರ ಕಥೆ. 1399ರಲ್ಲಿ ಯದುರಾಯರು ಹದಿನಾಡಿನ ಅರಸು ಮನೆತನಕ್ಕೆ ನೆರವಾಗಿ, ಅಲ್ಲಿಯ ಕುವರಿಯನ್ನು ವರಿಸಿ, ಮೈಸೂರು ಒಡೆಯರ ವಂಶಕ್ಕೆ ಬುನಾದಿ ಹಾಕಿದರೆಂಬುದು ಐತಿಹ್ಯ. ಅಂದು ರಾಜ್ಯ ಒಲಿದದ್ದು ಕತ್ತಿಗೆ. ಇಂದು ಊರಿನ ಆಡಳಿತ ಒಲಿಯುವುದು ಮತಕ್ಕೆ.

ಈ ಹಕ್ಕು ತಾನಾಗಿ ಬಂದದ್ದಲ್ಲ. ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಗಳಾಗಿದ್ದಾಗ 1983ರ ಕಾಯಿದೆ ರೂಪುಗೊಂಡು, 1987ರ ಜನವರಿಯಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡಾ 25 ಸ್ಥಾನ ಆಗಲೇ ಮೀಸಲಾಗಿತ್ತು. 1993ರ ಕಾಯಿದೆಯಿಂದ ಇಂದಿನ ಗ್ರಾಮ ಪಂಚಾಯಿತಿಗಳು ಬಂದವು. 2010ರಿಂದ ಅರ್ಧದಷ್ಟು ಸ್ಥಾನ ಮಹಿಳೆಯರದು.

ಲೆಕ್ಕ ನೋಡಿ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮಕ್ಕಳನ್ನು ಬಿಟ್ಟರೆ ಮತದಾರರು ಇನ್ನೂ ಕಡಿಮೆ. ಮೂವರು ಸ್ಪರ್ಧಿಸಿದರೆ ಎರಡು ಮನೆಯವರ ಮತ ಫಲಿತಾಂಶವನ್ನೇ ತಿರುಗಿಸಬಲ್ಲದು. ಆದರೂ ಕೊಯ್ಲಿನ ನೆವ ಹೇಳಿ ನಾವು ಮನೆಯಲ್ಲೇ ಉಳಿಯುತ್ತೇವೆ. ಮಳೆಗಾಲದಲ್ಲಿ ಗೊನೆ ಹೊತ್ತ ಗಾಡಿ ತೋಟದ ದಾರಿಯಲ್ಲಿ ಹೂತಾಗ ಮಾತ್ರ ಪಂಚಾಯಿತಿಯನ್ನು ಬೈಯುತ್ತೇವೆ. ಮೋರಿಯ ಹಣ ಯಾವ ಬೀದಿಗೆ ಹೋಗಬೇಕೆಂದು ತೀರ್ಮಾನವಾದ ದಿನ ನಾವೆಲ್ಲಿದ್ದೆವು?

2020ರ ಡಿಸೆಂಬರ್ ಚುನಾವಣೆಯಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ದುಡ್ಡು ದೇವಸ್ಥಾನಕ್ಕೆ ಹೋದರೂ ಅದು ತಪ್ಪೇ. ಹರಾಜಿನಲ್ಲಿ ಕೊಂಡವನು ಹಾಕಿದ ಬಂಡವಾಳವನ್ನು ಎಲ್ಲಿಂದ ತೆಗೆಯುತ್ತಾನೆಂಬುದು ಮಂಡಿ ಕಂಡ ನಮಗೆ ತಿಳಿಯದೆ?

ಊರಿನಿಂದ ಮೇಲೇರಿದವರೂ ಇದ್ದಾರೆ. 1980ರ ನರಗುಂದ-ನವಲಗುಂದ ಬಂಡಾಯದ ಬೆನ್ನಿಗೆ ರೈತ ಸಂಘ ರಾಜ್ಯವನ್ನೇ ಅಲುಗಿಸಿತು. ವರುಣಾ ಹೋಬಳಿಯ ಸಿದ್ದರಾಮನಹುಂಡಿಯ ರೈತನ ಮಗ ಸಿದ್ದರಾಮಯ್ಯನವರು 1978ರಲ್ಲಿ ತಾಲ್ಲೂಕು ಬೋರ್ಡಿನ ಸದಸ್ಯರಾಗಿ ಆರಂಭಿಸಿ, 1983ರಲ್ಲಿ ವಿಧಾನಸಭೆಗೆ, 2013ರಲ್ಲಿ ಮುಖ್ಯಮಂತ್ರಿ ಪದವಿಗೆ ಬಂದರು. ಅವರ ಪಕ್ಷ ನಮಗೆ ಒಪ್ಪಿಗೆಯಾಗಲಿ ಬಿಡಲಿ, ಮೊದಲ ಮೆಟ್ಟಿಲು ತಾಲ್ಲೂಕಿನಲ್ಲೇ ಇತ್ತೆಂಬುದು ಗಮನಾರ್ಹ.

ಎಲ್ಲರೂ ಸ್ಪರ್ಧಿಸಬೇಕೆಂದಿಲ್ಲ. ಮತದಾರರ ಪಟ್ಟಿಯಲ್ಲಿ ಮನೆಯವರ ಹೆಸರಿದೆಯೇ ನೋಡಿ. ವಾರ್ಡು ಸಭೆಗೂ ಗ್ರಾಮಸಭೆಗೂ ಹೋಗಿ. ಪ್ರತಿಯೊಬ್ಬ ಮತದಾರನೂ ಗ್ರಾಮಸಭೆಯ ಸದಸ್ಯನೇ. ಬೇಡಿಕೆಯನ್ನು ಬರೆದು ಕೊಡಿ, ನಡವಳಿ ಪುಸ್ತಕದಲ್ಲಿ ಸೇರಿತೇ ನೋಡಿ, ಜಮಾ-ಖರ್ಚು ಕೇಳಿ. ಸಂಘದ ಮಹಾಸಭೆಯಲ್ಲಿ ಲೆಕ್ಕ ಕೇಳುವ ನಾಲಗೆ ಪಂಚಾಯಿತಿಯಲ್ಲಿ ಸುಮ್ಮನಿರಬೇಕೇಕೆ? ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಆದುದರಿಂದ ಮನುಷ್ಯನನ್ನು ನೋಡಿ ಮತ ಹಾಕಿರಿ.

ಅಡಿಕೆಗೆ ಹೆಚ್ಚು ಬೆಲೆ ಕೂಗಿದವನಿಗೆ ಕೊಡೋಣ. ಮತವನ್ನು ಮಾತ್ರ ಊರಿಗೆ ದುಡಿಯುವವನಿಗೆ ಕೊಡೋಣ.