ಚಾಸಿ ಡೈನಮೋಮೀಟರ್ ಪರೀಕ್ಷೆ

ಚಾಸಿ ಡೈನಮೋಮೀಟರ್ ಪರೀಕ್ಷೆಯು ವಾಹನವನ್ನು ನಿಂತಲ್ಲಿಯೇ ಓಡಿಸಿ, ಅದರ ಚಕ್ರಗಳಿಗೆ ತಲುಪುವ ಸಾಮರ್ಥ್ಯವನ್ನು ಅಳೆಯುವ ವಿಧಾನವಾಗಿದೆ. ಆಡುಮಾತಿನಲ್ಲಿ ಇದನ್ನು ‘ಡೈನೋ’ ಎನ್ನುತ್ತಾರೆ. ಟ್ಯೂನಿಂಗ್ ಮಾಡಿದ ಟರ್ಬೋ ಕಾರುಗಳನ್ನು ಇದರಿಂದ ಪರಿಶೀಲಿಸಲಾಗುತ್ತದೆ.

ವಿಧಾನ

ಕಾರನ್ನು ಪಟ್ಟಿಗಳಿಂದ ಬಿಗಿದು, ಎಂಜಿನ್ ತಿರುಗಿಸುವ ಚಕ್ರಗಳನ್ನು ರೋಲರುಗಳ ಮೇಲೆ ನಿಲ್ಲಿಸುತ್ತಾರೆ. ರೋಲರುಗಳ ವೇಗ ಮತ್ತು ಪ್ರತಿರೋಧದಿಂದ ಟಾರ್ಕ್ ಲೆಕ್ಕಹಾಕಲಾಗುತ್ತದೆ. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 9549ರಿಂದ ಭಾಗಿಸಿದರೆ ಸಾಮರ್ಥ್ಯವು ಕಿಲೋವ್ಯಾಟಿನಲ್ಲಿ ದೊರೆಯುತ್ತದೆ. ಉದಾಹರಣೆಗೆ, 5000 ಸುತ್ತುಗಳಲ್ಲಿ 300 ನ್ಯೂಟನ್ ಮೀಟರ್ ಇದ್ದರೆ ಸುಮಾರು 157 ಕಿಲೋವ್ಯಾಟ್. ಗೇರ್‌ಬಾಕ್ಸ್ ಮೊದಲಾದ ಭಾಗಗಳಲ್ಲಿ ನಷ್ಟವಾಗುವುದರಿಂದ ಈ ಅಂಕಿ ಎಂಜಿನ್ನಿನ ಸಾಮರ್ಥ್ಯಕ್ಕಿಂತ ಕಡಿಮೆಯಿರುತ್ತದೆ.

ಎತ್ತರದ ಪರಿಣಾಮ

ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಒತ್ತಡವು ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ. ಟರ್ಬೋ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆದ್ದರಿಂದ ಟರ್ಬೋರಹಿತ ಎಂಜಿನ್ನಿನ ತಿದ್ದುಪಡಿ ಗುಣಾಂಕವನ್ನು ಇದಕ್ಕೂ ಅನ್ವಯಿಸಿದರೆ ಫಲಿತಾಂಶ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಸುರಕ್ಷತೆ ಮತ್ತು ಕಾನೂನು

ಟರ್ಬೋ ಒತ್ತಡ ಹೆಚ್ಚಿಸಿದಾಗ ಇಂಧನ ಸಾಲದಿದ್ದರೆ ಸಿಲಿಂಡರಿನಲ್ಲಿ ಅನಿಯಂತ್ರಿತ ದಹನ ಉಂಟಾಗಿ ಪಿಸ್ಟನ್ ಹಾಳಾಗಬಹುದು. ಹೀಗಾಗಿ ಪರೀಕ್ಷೆಯಲ್ಲಿ ಗಾಳಿ-ಇಂಧನ ಅನುಪಾತವನ್ನೂ ಗಮನಿಸಲಾಗುತ್ತದೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದೇಶನಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ.