ಕೆಲಸ ಮುಗಿದರೆ ಪರ್ಮಿಟ್ ಕ್ಲೋಸ್

ಕುವೈತ್ ಆಯಿಲ್ ಕಂಪನಿಯ ಕೇಂದ್ರ ಕಚೇರಿ ಇರುವ ಊರು ಅಹ್ಮದಿ. ಅಲ್ಲಿನ ಮನೆಯೊಂದರಿಂದ ಯಾರೋ ಆನ್‌ಲೈನ್ ಅಂಗಡಿಯಲ್ಲಿ ಅಕ್ಕಿಯ ಬೆಲೆ ನೋಡುತ್ತಾರೆ ಎನ್ನಿ. ಬ್ರೌಸರ್ ಕಳಿಸಿದ ವಿಳಾಸದ ಬಾಲದಲ್ಲಿ ಮೂರು ವಿಷಯ ಅಂಟಿಕೊಂಡು ಬರುತ್ತವೆ: ಭಾಷೆ ಅರಬ್ಬಿ, ಹಣ ದಿನಾರ್, ಊರು ಅಹ್ಮದಿ. ಈ ಪ್ಯಾರಾಮೀಟರುಗಳನ್ನು ಓದುವುದು ಒಂದು ಸಾಲಿನ ಕೆಲಸ. ಸರ್ವರಿನ ಒಳಗಿರುವ ಹತ್ತಾರು ಭಾಗಗಳಿಗೆ ಇವನ್ನು ಕಲಬೆರಕೆಯಾಗದಂತೆ ಮುಟ್ಟಿಸುವುದರಲ್ಲಿದೆ ಕಸುಬು.

ದಿನಾರನ್ನೇ ನೋಡಿ. ಒಂದು ದಿನಾರಿಗೆ 1000 ಫಿಲ್ಸ್, ಹಾಗಾಗಿ ದಶಾಂಶ ಬಿಂದುವಿನ ನಂತರ ಮೂರು ಅಂಕಿ. ಬೆಲೆ ಬರೆಯುವ ಭಾಗಕ್ಕೆ ಇದು ತಿಳಿಯದೆ ರೂಪಾಯಿಯ ರೂಢಿಯಲ್ಲಿ ಎರಡೇ ಅಂಕಿಗೆ ಸರಿಹೊಂದಿಸಿದರೆ 1.275 ಹೋಗಿ 1.28 ಆಗುತ್ತದೆ, ಗಿರಾಕಿಗೆ 5 ಫಿಲ್ಸ್ ನಷ್ಟ. ಭಾಷೆ ಅರಬ್ಬಿ ಎಂದಾದರೆ ಇಡೀ ಪುಟ ಬಲದಿಂದ ಎಡಕ್ಕೆ ಹರಿಯಬೇಕು. ಡೆಲಿವರಿಯ ದಿನ ಹೇಳುವ ಭಾಗಕ್ಕೆ ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ ಎಂಬುದು ಗೊತ್ತಿರಬೇಕು.

ಆತುರಗಾರರು ಇವನ್ನೆಲ್ಲ ಗ್ಲೋಬಲ್ ವೇರಿಯಬಲ್‌ಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಒಬ್ಬನೇ ಕೂತು ಪರೀಕ್ಷಿಸುವಾಗ ಎಲ್ಲವೂ ಸರಿ. ಅದೇ ಕ್ಷಣ ಮಂಗಳೂರಿನಿಂದ ಇನ್ನೊಂದು ರಿಕ್ವೆಸ್ಟ್ ಬಂತೋ, ಅಹ್ಮದಿಯವರ ಪುಟದಲ್ಲಿ ರೂಪಾಯಿ ಕಾಣಿಸಿಕೊಳ್ಳುತ್ತದೆ. ಜಾವಾದಲ್ಲಿ ಥ್ರೆಡ್‌ಲೋಕಲ್ ಬಳಸಿದರೂ ಪೂರ್ತಿ ಪಾರಾದಂತಲ್ಲ: ಥ್ರೆಡ್‌ಗಳು ಪೂಲಿನಿಂದ ಬರುತ್ತವೆ, ಕೆಲಸ ಮುಗಿದ ಮೇಲೆ ಅಳಿಸಲು ಮರೆತರೆ ಹಿಂದಿನವರ ಭಾಷೆ ಮುಂದಿನವರಿಗೆ ಮೆತ್ತಿಕೊಳ್ಳುತ್ತದೆ.

ತೈಲ ಪ್ಲಾಂಟಿನಲ್ಲಿ ದುಡಿದವರಿಗೆ ಇದರ ಪರಿಹಾರ ಹೊಸದೇನಲ್ಲ. ಅಲ್ಲಿ ಕೆಲಸ ಶುರುಮಾಡಲು ಪಡೆಯುವ ಪರ್ಮಿಟ್ ಇರುವುದು ಆ ಒಂದು ಕೆಲಸಕ್ಕೆ, ಆ ಅವಧಿಗೆ ಮಾತ್ರ. ಪ್ಯಾರಾಮೀಟರಿನ ಆಯುಷ್ಯವೂ ರಿಕ್ವೆಸ್ಟಿನಷ್ಟೇ ಇರಬೇಕು. ಜಾವಾ ಸರ್ವ್‌ಲೆಟ್‌ನಲ್ಲಿ ರಿಕ್ವೆಸ್ಟಿಗೇ ಆಟ್ರಿಬ್ಯೂಟ್ ಕಟ್ಟಿ ಮುಂದಕ್ಕೆ ಸಾಗಿಸಬಹುದು. ಇದೇ ಕೆಲಸಕ್ಕೆ ಪೈಥಾನ್ 3.7 ಕಾಂಟೆಕ್ಸ್ಟ್‌ವಾರ್ಸ್ ತಂದಿತು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಗೋ ಭಾಷೆಯ ಕಾಂಟೆಕ್ಸ್ಟ್. 2016ರಲ್ಲಿ, 1.7ನೇ ಆವೃತ್ತಿಯೊಂದಿಗೆ ಅದು ಸ್ಟ್ಯಾಂಡರ್ಡ್ ಲೈಬ್ರರಿ ಸೇರಿತು. ಒಮ್ಮೆ ಕಟ್ಟಿದ ಕಾಂಟೆಕ್ಸ್ಟನ್ನು ಯಾರೂ ತಿದ್ದುವಂತಿಲ್ಲ. ಏನಾದರೂ ಸೇರಿಸಬೇಕೆಂದರೆ ಅದರಿಂದ ಹೊಸದೊಂದನ್ನು ಹುಟ್ಟಿಸಿ ಕೆಳಗಿನ ಫಂಕ್ಷನ್ನಿಗೆ ಕೊಡಬೇಕು. ಮೇಲಿನದು ಇದ್ದ ಹಾಗೇ ಇರುತ್ತದೆ. ಅದರಲ್ಲಿ ಮೌಲ್ಯವನ್ನು ಗುರುತಿಸುವ ಕೀಗೆ ‘ಭಾಷೆ’ ಎಂಬ ಬರೀ ಸ್ಟ್ರಿಂಗ್ ಇಟ್ಟರೆ ಬೇರೊಂದು ಪ್ಯಾಕೇಜೂ ಅದನ್ನೇ ಇಟ್ಟು ಗುದ್ದಾಡಬಹುದು. ಅದಕ್ಕೇ ಅನುಭವಿಗಳು ಕೀಗೆಂದೇ ಪ್ರತ್ಯೇಕ ಟೈಪ್ ಮಾಡಿ, ಪ್ಯಾಕೇಜಿನ ಹೊರಗೆ ಬಿಡದೆ ಇಟ್ಟುಕೊಳ್ಳುತ್ತಾರೆ. ಇನ್ನೂ ಒಂದು ಸೊಗಸು: ಗಿರಾಕಿ ಬ್ರೌಸರ್ ಮುಚ್ಚಿ ಹೋದರೆ ಅದೇ ಕಾಂಟೆಕ್ಸ್ಟ್ ರದ್ದಾಗಿ, ಅದನ್ನು ಗಮನಿಸುತ್ತಿರುವ ಡೇಟಾಬೇಸ್ ಹುಡುಕಾಟವೂ ನಿಲ್ಲುತ್ತದೆ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಅದರೊಳಗೆ ತುರುಕಬಾರದು. ಫಂಕ್ಷನ್ನಿನ ಐಚ್ಛಿಕ ಪ್ಯಾರಾಮೀಟರುಗಳಿಗೆ ಇದು ಜಾಗವಲ್ಲ ಎಂದು ಗೋ ದಾಖಲೆಯೇ ಹೇಳುತ್ತದೆ. ಯಾರ ರಿಕ್ವೆಸ್ಟ್, ಯಾವ ಭಾಷೆ ಎಂಬಂಥವು ಕಾಂಟೆಕ್ಸ್ಟಿನಲ್ಲಿರಲಿ. ಬೆಲೆ ಲೆಕ್ಕ ಹಾಕುವ ಫಂಕ್ಷನ್ನಿಗೆ ಮಾತ್ರ ದಿನಾರನ್ನು ನೇರವಾಗಿ, ಹೆಸರು ಹಿಡಿದು, ಆರ್ಗ್ಯುಮೆಂಟಾಗಿಯೇ ಕೊಡಿ.