ಇಪ್ಪತ್ತಾರು ಅಂಕಿಗಳ ತಾಳೆ

ಕಳೆದ ಭಾನುವಾರ ಮೊಮ್ಮಗಳು ಶಾಲೆಯ ಪ್ರಾಜೆಕ್ಟಿಗಾಗಿ ಚಾರ್ಟ್ ಪೇಪರ್ ಹರಡಿಕೊಂಡು ಕೂತಿದ್ದಳು. ವಿಷಯ, ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ 13 ಅಂಕಿಗಳ ಎರಡು ಸಂಖ್ಯೆಗಳನ್ನು ಕೊಟ್ಟು ಗುಣಿಸಲು ಹೇಳಿದರು:

7,686,369,774,870 × 2,465,099,745,779

28 ಸೆಕೆಂಡುಗಳಲ್ಲಿ ಅವರು ಬಾಯಿಲೆಕ್ಕದಲ್ಲೇ ಹೇಳಿದ ಉತ್ತರ:

18,947,668,177,995,426,462,773,730

ಒಟ್ಟು 26 ಅಂಕಿ! ಗಿನ್ನೆಸ್ ದಾಖಲೆಗೆ ಸೇರಿದ ಲೆಕ್ಕ ಇದು.

"ಅಜ್ಜಾ, ನಾನು ಬರೆದದ್ದು ಸರಿ ಇದೆಯಾ ನೋಡು" ಅಂದಳು. ಮೊಬೈಲಿನ ಕ್ಯಾಲ್ಕುಲೇಟರ್ ಮೊದಲ ಕೆಲವು ಅಂಕಿ ತೋರಿಸಿ ಕೈಚೆಲ್ಲಿತು. ನಾನು ಪೆನ್ಸಿಲ್ ಕೈಗೆತ್ತಿಕೊಂಡೆ. ಕಂಪ್ಯೂಟರ್ ಬರುವ ಮುಂಚೆ ಮುಂಬಯಿಯ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು.

ಮೊದಲು ಒಂಬತ್ತರ ತಾಳೆ. 10ನ್ನು 9ರಿಂದ ಭಾಗಿಸಿದರೆ ಶೇಷ 1. 100, 1000ಕ್ಕೂ ಅಷ್ಟೇ. ಹಾಗಾಗಿ ಎಷ್ಟೇ ದೊಡ್ಡ ಸಂಖ್ಯೆಯಾದರೂ ಅಂಕಿಗಳನ್ನು ಕೂಡುತ್ತಾ ಹೋದರೆ ಸಾಕು. ಮೊದಲ ಸಂಖ್ಯೆಯ ಮೊತ್ತ 78, ಅಂದರೆ 15, ಅಂದರೆ 6. ಎರಡನೆಯದು 74, ಅಂದರೆ 11, ಅಂದರೆ 2. ಆರೆರಡ್ಲ ಹನ್ನೆರಡು, ಅಂದರೆ 3. ಅವಳು ಬರೆದ ಉತ್ತರದ ಅಂಕಿಗಳ ಮೊತ್ತ 138, ಅಂದರೆ 12, ಅದೂ 3. ತಾಳೆಯಾಯಿತು!

ಅವಳು ಚಪ್ಪಾಳೆ ತಟ್ಟಿದಳು. ನನಗೆ ಸಮಾಧಾನವಾಗಲಿಲ್ಲ. ಬ್ಯಾಂಕಿನಲ್ಲಿ ಎರಡು ಮೊತ್ತಗಳ ವ್ಯತ್ಯಾಸ 9ರಿಂದ ಭಾಗವಾದರೆ, ಯಾರೋ ಅಂಕಿಗಳನ್ನು ಹಿಂದುಮುಂದು ಮಾಡಿದ್ದಾರೆ ಎಂದೇ ನಮ್ಮ ಮೊದಲ ಅನುಮಾನ. 62 ಮತ್ತು 26ರ ವ್ಯತ್ಯಾಸ 36 ನೋಡಿ. ಇಂಥ ತಪ್ಪು ಒಂಬತ್ತರ ಕಣ್ಣಿಗೆ ಬೀಳುವುದೇ ಇಲ್ಲ.

ಅದಕ್ಕೆ ಹನ್ನೊಂದರ ತಾಳೆ ಬೇಕು. 10 ಎಂಬುದು 11ಕ್ಕೆ ಒಂದು ಕಡಿಮೆ. ಆದ್ದರಿಂದ ಇಲ್ಲಿ ಅಂಕಿಗಳನ್ನು ಬಲದಿಂದ ಒಂದು ಬಿಟ್ಟು ಒಂದರಂತೆ ಎರಡು ಗುಂಪು ಮಾಡಿ ಕೂಡಿ, ವ್ಯತ್ಯಾಸ ನೋಡಬೇಕು. ಅಂಕಿ ಜಾಗ ಬದಲಿಸಿದರೆ ಗುಂಪೂ ಬದಲಾಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಎರಡನೆಯ ಸಂಖ್ಯೆಯಲ್ಲಿ ಎರಡೂ ಗುಂಪಿನ ಮೊತ್ತ 37. ವ್ಯತ್ಯಾಸ ಸೊನ್ನೆ, ಅಂದರೆ ಅದು 11ರಿಂದ ಭಾಗವಾಗುತ್ತದೆ. ಹಾಗಿದ್ದರೆ ಗುಣಲಬ್ಧವೂ ಭಾಗವಾಗಲೇಬೇಕು. ಅವಳ ಚಾರ್ಟಿನಲ್ಲಿ ಬಂದದ್ದು 73 ಮತ್ತು 65. ವ್ಯತ್ಯಾಸ 8!

ಮುಖ ಸಣ್ಣದಾಯಿತು. ಪುಸ್ತಕ ತೆಗೆದು ಮೂರು ಮೂರು ಅಂಕಿ ಹೋಲಿಸಿದಳು. 426 ಇರಬೇಕಾದಲ್ಲಿ 462 ಎಂದು ಬರೆದಿದ್ದಳು. ತಿದ್ದಿದ ಮೇಲೆ ಎರಡೂ ಗುಂಪು 69.

"ಈಗ ಖಂಡಿತ ಸರಿ ಅಲ್ವಾ?"

"ಖಂಡಿತ ಅನ್ನಬೇಡ ಪುಟ್ಟಿ. ತಾಳೆ ತಪ್ಪಿದರೆ ಲೆಕ್ಕ ತಪ್ಪು, ಅದು ಖಂಡಿತ. ತಾಳೆಯಾದರೆ ನಂಬಿಕೆ ಹೆಚ್ಚುತ್ತದೆ, ಅಷ್ಟೇ. 99 ಕೂಡಿಸಿ ಬರೆದರೂ ಈ ಎರಡು ತಾಳೆಗೆ ಗೊತ್ತಾಗುವುದಿಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಪೂರ್ತಿ ಗುಣಿಸೋಣ" ಅಂದಳು. ಶಕುಂತಲಾ ದೇವಿಯವರ 28 ಸೆಕೆಂಡಿನ ಕೆಲಸ ನಮ್ಮಿಬ್ಬರಿಗೆ ಊಟದ ಹೊತ್ತಿನ ತನಕ ಹಿಡಿಯಿತು. ಕೊನೆಯ ಸಾಲು ಕೂಡಿದಾಗ 26 ಅಂಕಿಗಳೂ ಹೊಂದಿದವು. ಆಮೇಲಷ್ಟೇ ಅವಳು ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದಳು.